ಹಣೆಗಿಟ್ಟ ಮೇಣ

ಉಯ್ಯಂಬಳ್ಳಿ
ಪ್ರಮಾದೀಚ ಸಂವತ್ಸರ, ಜ್ಯೇಷ್ಠ ಶುದ್ಧ ಪಂಚಮಿ

ಮುನವ್ವರಾಳಿಗೆ ಕಾವೇರಮ್ಮ ಮಾಡುವ ನಮಸ್ಕಾರ.

ಎಲ್ಲ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಕ್ಷೇಮವಿಲ್ಲ ಎಂದು ಬರೆದರೆ ಯಾರೋ ಸತ್ತರೆಂದು ನೀನು ಎದೆ ಬಡಿದುಕೊಳ್ಳುತ್ತೀಯೆ. ಯಾರೂ ಸತ್ತಿಲ್ಲ. ನನ್ನ ಮಗ ಪುಟ್ಟಸ್ವಾಮಿಯ ಮದುವೆ ವೈಶಾಖದಲ್ಲಿ ಆಯಿತು. ನೀನು ಕಳಿಸಿದ ಕುಂಕುಮದ ಭರಣಿಯೂ ಸರಿಯಾದ ಹೊತ್ತಿಗೆ ಬಂತು. ನಿನ್ನ ಗಂಡ ಕಡೆದ ಭರಣಿಯ ನುಣುಪು ನೋಡಿ ನಮ್ಮ ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸಿದ್ದೇ ದಾಟಿಸಿದ್ದು. ಮೇಲಿನ ಅರೆಯಲ್ಲಿ ಕುಂಕುಮ, ಕೆಳಗಿನ ಅರೆಯಲ್ಲಿ ನೀನು ಕಾಯಿಸಿ ಸೋಸಿದ ಜೇನುಮೇಣ. ಹಣೆಗೆ ಒಂದು ಚುಕ್ಕೆ ಮೇಣ ಒತ್ತಿ, ಮೇಲೆ ಕುಂಕುಮ ಇಟ್ಟರೆ ಕತ್ತಲಾಗುವವರೆಗೂ ಅಲುಗುವುದಿಲ್ಲ ಎಂದು ನೀನೇ ಬರೆದಿದ್ದೆ.

ಅಲುಗಿತು, ಮುನವ್ವರಾ. ಧಾರೆಯ ಹೊತ್ತಿಗೆ ಚಪ್ಪರದ ಸೊಪ್ಪು ಒಣಗಿ ಬಿಸಿಲು ನೇರವಾಗಿ ಬೀಳುತ್ತಿತ್ತು. ನನ್ನ ಸೊಸೆ ಅಂಕಮ್ಮನ ಹಣೆಯ ಕುಂಕುಮ ಹುಬ್ಬುಗಳ ನಡುವೆ ಇಳಿದು, ಮೂಗಿನ ಮೇಲೆ ಹಾಯ್ದು, ಅವಳ ಕೈಯಲ್ಲಿದ್ದ ಧಾರೆಯ ತೆಂಗಿನಕಾಯಿಯ ಮೇಲೆ ತೊಟ್ಟಿಕ್ಕಿತು. ವಾಲಗದವನು ಊದುವುದನ್ನೇ ನಿಲ್ಲಿಸಿಬಿಟ್ಟ. ಆ ಮೌನದಲ್ಲಿ ಯಾರೋ ಒಬ್ಬಳು "ಅಯ್ಯೋ ಶಿವನೇ" ಎಂದಳು, ಅಷ್ಟೇ ಸಾಕಾಯಿತು.

ನನ್ನ ಬಾವ ಕೆಂಪಯ್ಯನವರು ಈ ಮನೆಯ ಹಿರಿಯರು. ಅವರ ಒಬ್ಬನೇ ಮಗ ಪ್ಲೇಗಿನಲ್ಲಿ ಹೋದ. ಈಗ ಎರಡು ಸಂಸಾರಕ್ಕೂ ಉಳಿದಿರುವ ಗಂಡು ನನ್ನ ಪುಟ್ಟಸ್ವಾಮಿಯೊಬ್ಬನೇ. ಬಾವ ಊಟ ಕೂಡ ಮಾಡದೆ ನನ್ನನ್ನು ಕರೆದು ಹೇಳಿದರು: "ಧಾರೆಲೇ ಕುಂಕುಮ ಜಾರ್ತು ಅಂದ್ರೆ ಹುಡುಗನ ಆಯಸ್ಸಿಗೆ ಬಂತು ಅಂತ ಕಣವ್ವ. ಆ ಹೆಣ್ಣು ತವರಲ್ಲೇ ಇರ್ಲಿ. ನಾನು ಹೇಳೋಗಂಟ ಕರೆಸಬ್ಯಾಡಿ." ಮದುವೆಯ ಮಾರನೆಯ ದಿನ ಹಾರೋಹಳ್ಳಿಯ ತವರಿಗೆ ಹೋದ ಅಂಕಮ್ಮ ಇನ್ನೂ ಅಲ್ಲೇ ಇದ್ದಾಳೆ. ನನ್ನ ಯಜಮಾನರು ಅಣ್ಣನಿಗೆ ಎದುರಾಡುವವರಲ್ಲ. ಪುಟ್ಟಸ್ವಾಮಿ ಹಿಪ್ಪುನೇರಳೆ ತೋಟ ಬಿಟ್ಟು ಮನೆಯ ಕಡೆ ತಲೆ ಹಾಕುವುದಿಲ್ಲ.

ಕುಂಕುಮಕ್ಕೆ ಮುಂದಾಗುವುದು ಗೊತ್ತಿರುತ್ತದೆ ಎಂದು ನಾನು ನಂಬುವವಳಲ್ಲ. ಮೇಣ ಕರಗಿತು, ಕುಂಕುಮ ಜಾರಿತು. ಯಾಕೆ ಕರಗಿತು? ಅದನ್ನು ಹೇಳಬಲ್ಲವಳು ನೀನೊಬ್ಬಳೇ. ಅದನ್ನು ಹೇಗೆ ಮಾಡಿದೆ, ಏನೇನು ಹಾಕಿದೆ, ಒಂದೂ ಬಿಡದೆ ಬರೆ. ಜಗಳ ಕಾಯಲು ಕೇಳುತ್ತಿದ್ದೇನೆ ಎಂದುಕೊಳ್ಳಬೇಡ. ಜಗಳ ಬೇಕಾಗಿದ್ದರೆ ಗಾಡಿ ಕಟ್ಟಿಸಿಕೊಂಡು ನಾನೇ ಬರುತ್ತಿದ್ದೆ. ಆ ಹುಡುಗಿ ನನ್ನ ಮನೆಗೆ ಬರಬೇಕು. ನನಗೆ ಬೇಕಾಗಿರುವುದು ಅಷ್ಟು.

ನಿನ್ನ
ಕಾವೇರಿ


ಚನ್ನಪಟ್ಟಣ
೨೦ ಜೂನ್ ೧೯೧೩

ಕಾವೇರಿಗೆ ಮುನವ್ವರಾಳ ಸಲಾಂ.

ನಿನ್ನ ಕಾಗದ ಓದಿ ಒಲೆ ಹೊತ್ತಿಸಲೂ ಮನಸ್ಸಾಗಲಿಲ್ಲ ಎಂದು ಬರೆಯಬೇಕು. ಆದರೆ ನಮ್ಮ ಅತ್ತೆ ಗುಲ್ಜಾರ್ ಬೀ ಇರುವ ಮನೆಯಲ್ಲಿ ಒಲೆ ಹೊತ್ತಿಸದೆ ಇರುವುದು ಆಗದ ಮಾತು. ಅಡುಗೆ ಮಾಡಿದೆ, ಉಪ್ಪು ಹಾಕಲು ಮರೆತೆ, ಬೈಸಿಕೊಂಡೆ. ಹೆಣ್ಣುಮಕ್ಕಳ ಶಾಲೆಯಲ್ಲಿ ನಿನ್ನ ಪಕ್ಕ ಕೂತು ಕಲಿತ ಕನ್ನಡದಲ್ಲಿ ಇಂಥ ಕಾಗದಕ್ಕೆ ಉತ್ತರ ಬರೆಯಬೇಕಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಕೇಳಿದ್ದೀಯೆ, ಹೇಳುತ್ತೇನೆ. ರಾಮಗಿರಿ ಬೆಟ್ಟದ ಕಡೆಯ ಇರುಳಿಗರು ಹೆಜ್ಜೇನು ಇಳಿಸಿ, ಜೇನುತುಪ್ಪ ಹಿಂಡಿದ ಮೇಲೆ ಉಳಿದ ಹುಟ್ಟನ್ನು ನಮ್ಮ ಬಾಗಿಲಿಗೆ ತರುತ್ತಾರೆ. ಅದನ್ನು ಮೊದಲು ತಣ್ಣೀರಲ್ಲಿ ನೆನೆಸಿ, ಕಿವುಚಿ, ಜೇನಿನ ಜಿಗುಟು ಬಿಡಿಸುತ್ತೇನೆ. ಆಮೇಲೆ ಮಣ್ಣಿನ ಮಡಕೆಯಲ್ಲಿ ನೀರಿಟ್ಟು ಅದರೊಳಗೆ ಹುಟ್ಟು ಹಾಕಿ ಸಣ್ಣ ಉರಿಯಲ್ಲಿ ಕಾಯಿಸುತ್ತೇನೆ. ಕಬ್ಬಿಣದ ಬಾಣಲೆಯಲ್ಲಿಟ್ಟರೆ ಮೇಣ ಕಪ್ಪಾಗುತ್ತದೆ, ಒಂದು ಸಲ ಕೆಡಿಸಿಕೊಂಡು ಕಲಿತಿದ್ದೇನೆ. ನೀರು ಕುದಿಯಬಾರದು. ಹುಟ್ಟು ಕರಗಿದಾಗ ಎಲ್ಲವನ್ನೂ ದಪ್ಪ ಬಟ್ಟೆಯ ಚೀಲಕ್ಕೆ ಸುರಿದು ಎರಡು ಕೋಲಿನ ನಡುವೆ ಹಿಂಡಿದರೆ, ಹುಳದ ಸಿಪ್ಪೆ, ಕಸ ಎಲ್ಲ ಚೀಲದಲ್ಲಿ ನಿಲ್ಲುತ್ತದೆ. ಕೆಳಗಿಳಿದದ್ದನ್ನು ಗೋಣಿ ಹೊದಿಸಿ ನಿಧಾನವಾಗಿ ಆರಲು ಬಿಡಬೇಕು. ಬೆಳಗ್ಗೆ ನೋಡಿದರೆ ನೀರಿನ ಮೇಲೆ ಹಳದಿ ಬಿಲ್ಲೆ ಕಟ್ಟಿರುತ್ತದೆ. ಅದರ ತಳ ಕೆರೆದು, ಮತ್ತೆ ಕರಗಿಸಿ, ತೆಳು ಮಲ್ಲು ಬಟ್ಟೆಯಲ್ಲಿ ಸೋಸಿ, ಬೆರಳಿಗೆ ಬರುವಷ್ಟು ಮೆದುವಾಗಲೆಂದು ಕೊಬ್ಬರಿ ಎಣ್ಣೆಯ ಹನಿ ಬಿಡುತ್ತೇನೆ. ನನ್ನ ಗುಟ್ಟು ಇಷ್ಟೇ.

ಎಣ್ಣೆ ಹೆಚ್ಚಾಯಿತೋ ಏನೋ ಎಂದು ಜೀವ ಹೊಡೆದುಕೊಂಡಿತು. ನಿನಗೆ ಕಳಿಸಿದ ಮೇಣದ ಜೊತೆಗೇ ಕಾಯಿಸಿದ ಬಿಲ್ಲೆಯೊಂದು ಇಲ್ಲಿ ಉಳಿದಿತ್ತು. ನಾನು ಯಾವತ್ತೂ ಇದನ್ನು ಹಣೆಗಿಟ್ಟು ನೋಡಿದವಳಲ್ಲ. ಕೈಯ ಹಿಂಬದಿಗೆ ಸವರಿ ನೋಡುವುದಷ್ಟೇ ನನ್ನ ಪರೀಕ್ಷೆ. ನಿನ್ನೆ ಮಧ್ಯಾಹ್ನ ಮಾಳಿಗೆ ಹತ್ತಿ, ಹಣೆಗೆ ಮೇಣ ಒತ್ತಿ, ನಮ್ಮವರು ಗೊಂಬೆಯ ಅರಗಿಗೆ ಬೆರೆಸುವ ಕೆಂಪು ಬಣ್ಣದ ಪುಡಿಯನ್ನು ಅದರ ಮೇಲಿಟ್ಟು, ಬಿಸಿಲಲ್ಲಿ ಕೂತೆ. ಬೆವರು ಕುತ್ತಿಗೆಗೆ ಇಳಿಯಿತು, ಬೊಟ್ಟು ಮಾತ್ರ ಇಳಿಯಲಿಲ್ಲ. ಅಷ್ಟರಲ್ಲಿ ಹಪ್ಪಳ ತೆಗೆಯಲು ಬಂದ ಅತ್ತೆ ನನ್ನನ್ನು ನೋಡಿ, "ಯಾ ಅಲ್ಲಾ! ಎಲ್ಲಿ ಬಿದ್ದು ಹಣೆ ಒಡ್ಕೊಂಡೆ ಬಹೂ?" ಎಂದು ಕಿರುಚಿ, ಹಪ್ಪಳವನ್ನೆಲ್ಲ ಚೆಲ್ಲಿಬಿಟ್ಟರು. ರಕ್ತವಲ್ಲ ಎಂದು ನಂಬಿಸುವ ಹೊತ್ತಿಗೆ ನನಗೆ ಸಾಕುಸಾಕಾಯಿತು. ಆಮೇಲೆ ವಿಷಯವೆಲ್ಲ ಹೇಳಿದೆ. "ಹಾಗಾದರೆ ತೆಗೀಬೇಡ, ಇನ್ನೂ ಒಸಿ ಹೊತ್ತು ಕೂತು ನೋಡು" ಎಂದು ಅವರೇ ಪಕ್ಕದಲ್ಲಿ ಕೂತರು.

ಹೀಗಾಗಿ ನನ್ನ ಮೇಣ ಕರಗುವಂಥದ್ದಲ್ಲ. ಹಾಗಾದರೆ ಏನಾಯಿತು? ಎಣ್ಣೆಶಾಸ್ತ್ರದ ಎಣ್ಣೆ ಹುಡುಗಿಯ ಹಣೆಯಲ್ಲಿ ಉಳಿದಿತ್ತೇ? ಮೇಣ ಇಟ್ಟವರು ಯಾರು? ಬೇರೆ ಯಾರಾದರೂ ಅದೇ ಭರಣಿಯಿಂದ ಇಟ್ಟುಕೊಂಡರೇ, ಅವರದ್ದು ಏನಾಯಿತು? ಭರಣಿಯಲ್ಲಿ ಉಳಿದದ್ದರ ಬಣ್ಣ ಹೇಗಿದೆ? ನನಗೆ ನಿದ್ದೆ ಬರುತ್ತಿಲ್ಲ, ಬೇಗ ಬರೆ.

ನಿನ್ನ ಗೆಳತಿ
ಮುನವ್ವರಾ


ಉಯ್ಯಂಬಳ್ಳಿ
ಜ್ಯೇಷ್ಠ ಬಹುಳ ದಶಮಿ

ಮುನವ್ವರಾ,

ನಿನ್ನ ಹಣೆಯ ಮೇಲೆ ಬೊಟ್ಟು! ಓದಿ ನಗು ತಡೆಯಲಾರದೆ ಕಣಜದ ಹಿಂದೆ ಹೋಗಿ ನಕ್ಕು ಬಂದೆ. ಈ ಮನೆಯಲ್ಲಿ ನಗುವುದಕ್ಕೂ ಈಗ ಮರೆ ಬೇಕಾಗಿದೆ.

ನೀನು ಕೇಳಿದ್ದಕ್ಕೆಲ್ಲ ಉತ್ತರ ಹುಡುಕಿದ್ದೇನೆ. ಎಣ್ಣೆ ಉಳಿದಿರಲಿಲ್ಲ, ಸೀಗೆಪುಡಿ ಹಾಕಿ ತಿಕ್ಕಿದವಳು ನಾನೇ, ಹುಡುಗಿ ಕಣ್ಣು ಉರಿ ಎಂದು ಅತ್ತಿದ್ದಳು. ಮೇಣ ಇಟ್ಟವಳು ನನ್ನ ವಾರಗಿತ್ತಿ ಶಿವಲಿಂಗಮ್ಮ, ಬಾವನ ಹೆಂಡತಿ. ಮಗನನ್ನು ಕಳೆದುಕೊಂಡ ಮೇಲೆ ಪುಟ್ಟಸ್ವಾಮಿಯ ಮೇಲೇ ಪ್ರಾಣ ಇಟ್ಟುಕೊಂಡಿರುವವಳು. ಅವಳು ಕೈ ತಪ್ಪಿ ದಪ್ಪಗೆ ಬಳಿದಿರಬಹುದೆಂದು ಕೇಳಿದೆ. "ಗೋಧಿ ಕಾಳಷ್ಟು ಇಟ್ಟೆ ಕಣಮ್ಮ" ಎಂದವಳು ದನಕ್ಕೆ ಹುಲ್ಲು ಹಾಕಬೇಕೆಂದು ಎದ್ದು ಹೋದಳು.

ಆಮೇಲೆ ಧಾರೆಯ ದಿನ ಅದೇ ಭರಣಿಯಿಂದ ಇಟ್ಟುಕೊಂಡ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಮಾತಿಗೆಳೆದೆ. ರಾಗಿ ಬೀಸುವಾಗ ಒಬ್ಬಳನ್ನು, ನೀರಿಗೆ ಹೋದಾಗ ಇನ್ನೊಬ್ಬಳನ್ನು. ಕೇಳು: ಎಲ್ಲರದೂ ಜಾರಿತ್ತು! ಒಬ್ಬಳು ಸೆರಗಲ್ಲಿ ಒರೆಸಿಕೊಂಡಿದ್ದಳು, ಇನ್ನೊಬ್ಬಳು ಬೆವರೆಂದು ತಿಳಿದು ಮುಖ ತೊಳೆದಿದ್ದಳು. ನನ್ನದೂ ಜಾರಿತ್ತೆಂದು ಆಗ ನೆನಪಾಯಿತು, ಕೈಯಲ್ಲಿ ಸವರಿ ಹಾಗೇ ಬಿಟ್ಟಿದ್ದೆ. ನಮ್ಮ ಗಂಡಂದಿರೆಲ್ಲ ಮುದ್ದೆ ನುಂಗಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ಮದುಮಗಳ ಹಣೆಯನ್ನು ಮಾತ್ರ ಊರೆಲ್ಲ ನೋಡುತ್ತಿತ್ತು.

ಇದನ್ನು ಬಾವನಿಗೆ ಹೇಳಿದೆ. "ಹೆಂಗಸ್ರ ಮಾತು ಬುಡು, ಒಬ್ಬಳು ಒಂದಂದ್ರೆ ಹತ್ತು ಜನ ಹೂ ಅಂತಾರೆ" ಎಂದುಬಿಟ್ಟರು. ಕಣ್ಣಿಗೆ ಕಾಣುವಂಥದ್ದು ಏನಾದರೂ ಬೇಕು.

ಭರಣಿಯಲ್ಲಿ ಉಳಿದ ಮೇಣ ನೀನು ಬರೆದಷ್ಟು ಹಳದಿಯಾಗಿಲ್ಲ, ಮಬ್ಬಾಗಿದೆ. ಬೆರಳಿಟ್ಟರೆ ಬೆಣ್ಣೆಗೆ ಇಟ್ಟ ಹಾಗೆ ಒಳಗೆ ಹೋಗುತ್ತದೆ. ನನ್ನ ಯಜಮಾನರು ರೇಷ್ಮೆಗೂಡು ಮಾರಲು ಚನ್ನಪಟ್ಟಣಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಭರಣಿಯನ್ನೇ ಕಳಿಸುತ್ತಿದ್ದೇನೆ. ನೋಡಿ ಹೇಳು.

ಕಾವೇರಿ


ಚನ್ನಪಟ್ಟಣ
೧೨ ಜುಲೈ ೧೯೧೩

ಕಾವೇರಿ,

ಭರಣಿ ಬಂತು. ನಿನ್ನ ಯಜಮಾನರು ಹೊಸ್ತಿಲಾಚೆಯೇ ನಿಂತು ನಮ್ಮವರ ಕೈಗೆ ಕೊಟ್ಟು, ನೀರು ಕೂಡ ಬೇಡವೆಂದು ಹೋದರಂತೆ. ಇರಲಿ.

ಮುಚ್ಚಳ ತೆಗೆದ ಕೂಡಲೇ ಇದು ನನ್ನ ಮೇಣದ ಹಾಗೆ ಇಲ್ಲವೆಂದು ಗೊತ್ತಾಯಿತು. ಆದರೆ ಬರೀ ಅನ್ನಿಸಿದ್ದರಿಂದ ನಿನ್ನ ಬಾವ ಒಪ್ಪುವುದಿಲ್ಲವಲ್ಲ. ಅದಕ್ಕೆ ಎರಡು ಕುಡಿಕೆ ತೆಗೆದುಕೊಂಡು, ಒಂದರಲ್ಲಿ ನನ್ನ ಬಳಿಯ ಬಿಲ್ಲೆಯ ಚೂರು, ಇನ್ನೊಂದರಲ್ಲಿ ಭರಣಿಯ ಚೂರು ಹಾಕಿ, ನೀರಲ್ಲಿ ಕರಗಿಸಿ, ಗೋಣಿ ಹೊದಿಸಿ ಆರಲು ಬಿಟ್ಟೆ. ಬೆಳಗ್ಗೆ ನನ್ನದು ಗಟ್ಟಿ ಬಿಲ್ಲೆಯಾಗಿ ಕುಡಿಕೆಯ ಅಂಚು ಬಿಟ್ಟು ತಾನೇ ತೇಲುತ್ತಿತ್ತು. ಭರಣಿಯದು ಅಂಚಿಗೆ ಮೆತ್ತಿಕೊಂಡಿತ್ತು, ಕೆರೆದರೆ ಬೆರಳೆಲ್ಲ ಜಿಡ್ಡು. ನೀರಿನ ಮೇಲೆ ಕೂಡ ಜಿಡ್ಡಿನ ಕಣ್ಣುಗಳು. ಜೇನುಮೇಣದ ನೀರಲ್ಲಿ ಅವು ಇರುವುದಿಲ್ಲ.

ಜಿಡ್ಡು ಯಾವುದರದ್ದು? ಒಂದು ಚಿಟಿಕೆಯನ್ನು ಕೆಂಡದ ಮೇಲೆ ಹಾಕಿದೆ. ಮೊದಲು ಜೇನಿನ ವಾಸನೆ ಬಂತು, ಅದರ ಹಿಂದೆಯೇ ಹಸುವಿನ ತುಪ್ಪದ ವಾಸನೆ. ಇನ್ನೂ ಏನೋ ಇತ್ತು, ನನಗೆ ಹೊಳೆಯಲಿಲ್ಲ. ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅತ್ತೆ ಮೂಗು ಎತ್ತಿ, "ವೀಳ್ಯದೆಲೆ ಹಾಕಿ ಕಾಸಿದ ತುಪ್ಪ ಅದು, ನನ್ನ ಮೂಗಿಗೆ ಹೇಳಿಕೊಡಬೇಡ" ಎಂದರು. ಬೆಣ್ಣೆ ಕಾಯಿಸುವಾಗ ನೀನು ಯಾವಾಗಲೂ ನುಗ್ಗೆಸೊಪ್ಪು ಹಾಕುವವಳು. ಹಾಗಾಗಿ ಈ ತುಪ್ಪ ನಿನ್ನದಲ್ಲ.

ನಿಮ್ಮ ಮನೆಯಲ್ಲಿ ಯಾರೋ ನನ್ನ ಮೇಣವನ್ನು ಮತ್ತೆ ಕರಗಿಸಿ ತುಪ್ಪ ಬೆರೆಸಿದ್ದಾರೆ, ಕಾವೇರಿ. ತುಪ್ಪ ಬೆರೆತ ಮೇಣ ವೈಶಾಖದ ಬಿಸಿಲಿಗೆ ನಿಲ್ಲುವುದೆಲ್ಲಿ ಬಂತು? ಯಾರು ಬೆರೆಸಿದರು ಎಂದು ತಿಳಿಯುವ ಆಸೆ ನನಗೆ ಬಹಳ ಇದೆ. ಯಾಕೆ ಎಂದು ಕೇಳುವುದಿಲ್ಲ.

ಮುನವ್ವರಾ


ಉಯ್ಯಂಬಳ್ಳಿ
ಆಷಾಢ ಬಹುಳ ಸಪ್ತಮಿ

ಮುನವ್ವರಾ,

ಉತ್ತರ ತಡವಾಯಿತು. ಮೊದಲೇ ಬರೆಯಬಹುದಾಗಿತ್ತು, ಕೈ ಏಳಲಿಲ್ಲ. ನೀನು ಕೇಳುವುದಿಲ್ಲ ಎಂದದ್ದನ್ನೇ ನಾನು ಬರೆಯಬೇಕಾಗಿದೆ.

ವೀಳ್ಯದೆಲೆ ಎಂದು ಓದಿದ ಕೂಡಲೇ ಗೊತ್ತಾಯಿತು. ಅಡುಗೆಯ ತುಪ್ಪ ಕಾಯಿಸುವವಳು ನಾನು. ದೇವರ ದೀಪದ ತುಪ್ಪವನ್ನು ಮಾತ್ರ ಶಿವಲಿಂಗಮ್ಮ ಬೇರೆ ಕಾಯಿಸುತ್ತಾಳೆ, ವೀಳ್ಯದೆಲೆ ಹಾಕಿ. ಅವಳೊಬ್ಬಳೇ ಇದ್ದಾಗ ನಿನ್ನ ಕಾಗದ ಓದಿ ಹೇಳಿದೆ. ಅವಳು ಮೊರ ಕೆಳಗಿಟ್ಟು ಅಳಲು ಶುರುಮಾಡಿದಳು. ಭರಣಿ ಬಂದ ದಿನ ಬಾವ ಅದನ್ನು ಕೈಯಲ್ಲಿ ಹಿಡಿದು, "ತುರುಕ್ರ ಮನೇಲಿ ಬೇಯಿಸಿದ್ದು. ಮದುವೆ ಹೆಣ್ಣಿನ ಹಣೆಗೆ ಹಂಗೇ ಇಡಬ್ಯಾಡ, ದೇವರ ತುಪ್ಪದಾಗೆ ಒಸಿ ಕಾಯಿಸಿ ಇಡು, ಮೈಲಿಗೆ ಕಳೀತದೆ" ಎಂದರಂತೆ. ಅವಳು ಹಾಗೇ ಮಾಡಿದ್ದಾಳೆ. "ಹುಡುಗನಿಗೆ ಒಳ್ಳೇದಾಗ್ಲಿ ಅಂತ ಒಂದು ಸೌಟು ಹೆಚ್ಚಾಗೇ ಹಾಕ್ದೆ ಕಣೆ ಕಾವೇರಿ" ಎಂದಳು. ಕುಂಕುಮ ಜಾರಿದಾಗಲೇ ಅವಳಿಗೆ ಅನುಮಾನ ಬಂದಿತ್ತು, ಗಂಡನ ಮುಂದೆ ಬಾಯಿ ಬಿಡಲು ಭಯ. ಅವರು ಹೇಳಿದ್ದು ಒಸಿ, ಇವಳು ಹಾಕಿದ್ದು ಒಂದು ಸೌಟು.

ನನಗೆ ನಾಚಿಕೆಯಾಗುತ್ತಿದೆ. ನನಗೆ ಗೊತ್ತಿಲ್ಲದೆ ಆಯಿತು ಎನ್ನುವುದು ನಿಜವೇ, ಆದರೆ ನನ್ನ ಮನೆಯಲ್ಲಿ ಆಯಿತು. ನಿನ್ನ ಮನಸ್ಸಿಗೆ ನೋವಾಗಿದ್ದರೆ ಬಾಯಿಬಿಟ್ಟು ಬೈದುಬಿಡು, ಸುಮ್ಮನಿರಬೇಡ.

ಈಗ ಮುಂದಿನ ಮಾತು. ಬಾವನಿಗೆ ಬಾಯಲ್ಲಿ ಹೇಳಿದರೆ ಮತ್ತೆ ಹೆಂಗಸರ ಮಾತು ಎನ್ನುತ್ತಾರೆ. ದೀಪಕ್ಕೆ ಹಿಡಿದು ಕರಗಿಸಿ ತೋರಿಸಿದರೆ, ಬೆಂಕಿಗೆ ಕರಗದ ಮೇಣ ಯಾವುದಿದೆ ಎಂದು ಕೇಳುತ್ತಾರೆ. ಬಿಸಿಲಲ್ಲೇ ತೋರಿಸಬೇಕು. ಇಲ್ಲಿ ಮೋಡ ಕವಿದು ಸೂರ್ಯನ ಮುಖ ಕಂಡು ಎಷ್ಟು ದಿನವಾಯಿತೋ! ನೀರು ಸೋರಿ ಹುಳುಮನೆಯಲ್ಲಿ ತಟ್ಟೆಗಳನ್ನು ಜರುಗಿಸುವುದೇ ಕೆಲಸವಾಗಿದೆ. ಹೇಗೂ ಆಷಾಢ, ಹೊಸ ಸೊಸೆ ಅತ್ತೆಮನೆಯಲ್ಲಿ ಇರುವ ಹಾಗಿಲ್ಲ, ಅವಸರವೇನೂ ಇಲ್ಲ. ಬಿಸಿಲು ಬರಲಿ, ಆಮೇಲೆ ನೋಡು. ಪುಟ್ಟಸ್ವಾಮಿಗೂ ಹೇಳಿಲ್ಲ, ಅವನು ದೊಡ್ಡಪ್ಪನ ಮೇಲೆ ಹಾರಾಡಿ ಕೆಲಸ ಕೆಡಿಸುತ್ತಾನೆ.

ಭರಣಿಯ ಮೇಣದಲ್ಲಿ ಉಳಿದದ್ದನ್ನೂ ನಿನ್ನ ಶುದ್ಧ ಬಿಲ್ಲೆಯ ಒಂದು ಚೂರನ್ನೂ ಕಳಿಸು.

ಕಾವೇರಿ


ಚನ್ನಪಟ್ಟಣ
೧೦ ಆಗಸ್ಟ್ ೧೯೧೩

ಕಾವೇರಿ,

ರಂಜಾನ್ ನಡೆದಿದೆ. ಹಗಲೆಲ್ಲ ಬಾಯಿ ಒಣಗಿರುತ್ತದೆ, ಆದರೆ ಬರೆಯಲು ಬಾಯಿ ಬೇಡವಲ್ಲ.

ಬೈಯಲು ಹೇಳಿದ್ದೀಯೆ. ನೋವಾಯಿತು, ಇಲ್ಲವೆನ್ನಲಾರೆ. ಆ ಬಿಲ್ಲೆಯನ್ನು ನಾನು ಸೋಸಿದ್ದು ಒಂದು ಸಲವಲ್ಲ. ಒಂದು ಕಸದ ಎಳೆ ಕಂಡರೂ ಮತ್ತೆ ಕರಗಿಸಿದ್ದೆ, ಪುಟ್ಟಸ್ವಾಮಿಯ ಹೆಂಡತಿಯ ಹಣೆಗೆ ಎಂದು. ಅಷ್ಟು ಸೋಸಿದ ಮೇಲೂ ಕಳೆಯಬೇಕಾದ್ದು ಏನೋ ಅದರಲ್ಲಿ ಉಳಿದಿತ್ತು ಎಂದು ಓದಿದಾಗ ಕಾಗದ ಮಡಚಿಟ್ಟುಬಿಟ್ಟೆ. ನಮ್ಮವರಿಗೆ ಹೇಳಿಲ್ಲ. ಅತ್ತೆಗೆ ಹೇಳಿದೆ. ಅವರು, "ಅವರ ದೇವರ ತುಪ್ಪ ಅವರ ಕೆಲಸವನ್ನೇ ಕೆಡಿಸಿತಲ್ಲ" ಎಂದು ನಕ್ಕುಬಿಟ್ಟರು. ಅವರು ನಕ್ಕ ಮೇಲೆ ನನಗೂ ಹಗುರವಾಯಿತು. ನಿನ್ನ ಮೇಲೆ ನನಗೆ ಕೋಪವಿಲ್ಲ.

ಈಗ ಕೇಳು. ಎಷ್ಟು ತುಪ್ಪಕ್ಕೆ ಮೇಣ ಸೋಲುತ್ತದೆ ಎಂದು ನೋಡುವ ಹುಚ್ಚು ಹಿಡಿದಿದೆ. ಚೂರು ಚೂರು ಮೇಣಕ್ಕೆ ಚಮಚದಲ್ಲಿ ತುಪ್ಪ ಬೇರೆ ಬೇರೆಯಾಗಿ ಬೆರೆಸಿ, ನಮ್ಮವರು ಬಿಸಾಡಿದ ಸೀಳು ಗೊಂಬೆಗಳ ಹಣೆಗೆಲ್ಲ ಬೊಟ್ಟು ಇಟ್ಟು ಮಾಳಿಗೆಯಲ್ಲಿ ಸಾಲಾಗಿ ನಿಲ್ಲಿಸಿದ್ದೇನೆ. ಮೋಡ ಸರಿದಾಗಲೆಲ್ಲ ಅತ್ತೆ, ಸೊಸೆ ಇಬ್ಬರೂ ಮೆಟ್ಟಿಲು ಹತ್ತಿ ಓಡುತ್ತೇವೆ, ಉಪವಾಸದಲ್ಲಿ! ತುಪ್ಪ ತುಸು ಹೆಚ್ಚಾದ ಗೊಂಬೆಗಳ ಮೂಗೆಲ್ಲ ಕೆಂಪಾಗಿದೆ. ತುಪ್ಪ ಇಲ್ಲದ್ದು ಜಗ್ಗುವುದಿಲ್ಲ. ಸತ್ಯ ಹೇಳಲೇ, ಇಷ್ಟು ಖುಷಿ ನನಗೆ ಬಹಳ ವರ್ಷಗಳಿಂದ ಇರಲಿಲ್ಲ. ಶಾಲೆಯಲ್ಲಿ ನಾವಿಬ್ಬರೂ ಮೇಷ್ಟರ ಮಸಿಗೆ ಸುಣ್ಣ ಬೆರೆಸಿ ಏನಾಗುತ್ತದೆಂದು ಕಾದು ಕೂರುತ್ತಿದ್ದೆವಲ್ಲ, ಹಾಗೆ.

ಎರಡು ಕುಡಿಕೆ ಕಳಿಸುತ್ತಿದ್ದೇನೆ. ಕೆಂಪು ದಾರ ಕಟ್ಟಿದ್ದು ಭರಣಿಯಲ್ಲಿದ್ದ ತುಪ್ಪದ ಮೇಣ, ದಾರ ಇಲ್ಲದ್ದು ಶುದ್ಧವಾದದ್ದು. ನಡುಮಧ್ಯಾಹ್ನವೇ ತೋರಿಸು, ಗಾಳಿ ಇರಬಾರದು. ಆಮೇಲೆ ನಿನ್ನ ಬಾವನ ಮುಖ ಹೇಗಾಯಿತು ಎಂದು ಒಂದೂ ಬಿಡದೆ ಬರೆ.

ಮುನವ್ವರಾ


ಉಯ್ಯಂಬಳ್ಳಿ
ಭಾದ್ರಪದ ಬಹುಳ ಪಂಚಮಿ

ಮುನವ್ವರಾ,

ಗೌರಿ ಹಬ್ಬ ಮುಗಿದ ಮೇಲೆ ಮೋಡ ಹರಿಯಿತು. ನಿನ್ನೆ ನೆತ್ತಿ ಸುಡುವ ಬಿಸಿಲು. ಬಾವ ಉಂಡು ಜಗುಲಿಯಲ್ಲಿ ಕೂತಿದ್ದರು. ನಾನು ಎರಡು ಕುಡಿಕೆ ತಂದು, ಅಂಗಳದ ಹಾಸುಗಲ್ಲಿನ ಮೇಲೆ ಎರಡು ಬೊಟ್ಟು ಇಟ್ಟು, "ಒಸಿ ನೋಡಿ ಬಾವ" ಎಂದೆ. ಕೆಂಪು ದಾರದ್ದು ನೋಡನೋಡುತ್ತಲೇ ಹರಡಿಕೊಂಡಿತು. ಬಾವ ನೋಡಿದರು. "ಕಲ್ಲು ಕಾದ್ರೆ ಏನು ಬೇಕಾದ್ರೂ ಕರಗ್ತದೆ. ಕಲ್ಲಿಗೂ ಹಣೆಗೂ ಏನು ಸಂಬಂಧ?" ಎಂದರು.

ಇಷ್ಟು ತಿಂಗಳು ಕಾದು, ನೀನು ಗೊಂಬೆಗಳಿಗೆಲ್ಲ ಇಟ್ಟು ನೋಡಿ, ಇದೊಂದು ನಮಗೆ ಹೊಳೆಯಲಿಲ್ಲವಲ್ಲ ಎಂದು ಅಳುವೇ ಬಂತು. ಆಗ ಶಿವಲಿಂಗಮ್ಮ ಒಳಗಿಂದ ಬಂದಳು. ಇದ್ದ ಕುಂಕುಮ ಒರೆಸಿಕೊಂಡು ನನ್ನ ಮುಂದೆ ಕೂತು, "ಆ ದಾರ ಕಟ್ಟಿರೋದನ್ನ ನನ್ನ ಹಣೆಗಿಡು" ಎಂದಳು. ಬಾವ ಎದ್ದು ನಿಂತರು. ಆದರೂ ಇಟ್ಟೆ, ಮೇಲೆ ಕುಂಕುಮ ಒತ್ತಿದೆ. ಶುದ್ಧವಾದದ್ದನ್ನು ನನ್ನ ಹಣೆಗಿಟ್ಟುಕೊಂಡೆ. ಇಬ್ಬರೂ ಬಿಸಿಲಲ್ಲಿ ಬಾವನಿಗೆ ಮುಖ ಕೊಟ್ಟು ಕೂತೆವು. "ಎದ್ದೇಳು, ಒಳಕ್ಕೆ ನಡಿ" ಎಂದು ಬಾವ ಎರಡು ಸಲ ಗದರಿದರು. ಈ ಮನೆಗೆ ಬಂದಾಗಿನಿಂದ ಗಂಡನ ಮಾತು ಮೀರದ ಹೆಂಗಸು ಅಲುಗಲಿಲ್ಲ.

ಅವಳ ಕುಂಕುಮ ಇಳಿಯಿತು. ಹುಬ್ಬಿಗೆ, ಮೂಗಿಗೆ, ತುಟಿಗೆ. ಅದನ್ನು ಒರೆಸಿಕೊಳ್ಳದೆ ಅವಳು ಗಂಡನ ಮುಖ ನೋಡಿ ಹೇಳಿದಳು: "ನೋಡಿ, ನಿಮ್ಮ ಮುಂದೇನೇ ಜಾರ್ತು. ನಿಮಗೇನಾಯ್ತು? ಕುಂತಂಗೇ ಕುಂತಿದ್ದೀರಿ. ನೀವು ಮೈಲಿಗೆ ಅಂದ್ರಿ, ನಾನು ತುಪ್ಪ ಹುಯ್ದೆ. ಆ ಮಗಿನದೇನು ತಪ್ಪು?"

ಬಾವನ ಮುಖ ಹೇಗಾಯಿತು ಎಂದು ಕೇಳಿದ್ದೆಯಲ್ಲ, ನಾನು ನೋಡಲಿಲ್ಲ. ಶಿವಲಿಂಗಮ್ಮಕ್ಕನನ್ನೇ ನೋಡುತ್ತಿದ್ದೆ. ಅವರ ದನಿ ಮಾತ್ರ ಕೇಳಿಸಿತು: "ಮುಖ ತೊಳ್ಕೊ ಹೋಗು. ನಾಳಿಕೆ ಗಾಡಿ ಕಟ್ಟಕ್ಕೆ ಹೇಳಿ, ಹಾರೋಹಳ್ಳಿಗೆ ನಾನೇ ಹೋಗ್ತೀನಿ."

ಗಾಡಿ ಈಗ ತಾನೇ ಹೊರಟಿತು. ಪುಟ್ಟಸ್ವಾಮಿ ಎತ್ತಿಗೆ ಗೆಜ್ಜೆ ಕಟ್ಟಿ ತಾನೇ ಹೊಡೆದುಕೊಂಡು ಹೋದ. ನಾವು ಗೆದ್ದೆವು ಕಣೇ ಮುನವ್ವರಾ!

ನಿನ್ನ
ಕಾವೇರಿ


ಉಯ್ಯಂಬಳ್ಳಿ
ಭಾದ್ರಪದ ಬಹುಳ ನವಮಿ

ಮುನವ್ವರಾ,

ಅಂಕಮ್ಮ ಬಂದಳು. ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಆರತಿ ಹಿಡಿದುಕೊಂಡು ನಾನೂ ಅಕ್ಕನೂ ಬಾಗಿಲಲ್ಲಿ ನಿಂತಿದ್ದೆವು. ಬಾವ ಗಾಡಿಯಿಂದ ಇಳಿದವರೇ ಯಾರ ಮುಖವನ್ನೂ ನೋಡದೆ ಕೊಟ್ಟಿಗೆಯ ಕಡೆ ಹೋದರು. ಯಾಕೆಂದು ಅಂಕಮ್ಮ ತಲೆ ಎತ್ತಿದಾಗ ಗೊತ್ತಾಯಿತು. ಹುಬ್ಬುಗಳ ನಡುವೆ, ಕುಂಕುಮ ಇಡುವ ಜಾಗದಲ್ಲಿ, ಕುಂಕುಮದಷ್ಟೇ ಅಗಲಕ್ಕೆ ಹಚ್ಚೆ. ಹಸಿರುಗಪ್ಪು ಬಣ್ಣ. ನಮ್ಮ ಕಡೆಯ ಹೆಂಗಸರು ಹಚ್ಚೆ ಹಾಕಿಸಿಕೊಳ್ಳುತ್ತಾರೆ, ಕೈಗೆ, ಗಲ್ಲಕ್ಕೆ, ಹಣೆಗೂ ಒಂದು ಸಾಸಿವೆಯಷ್ಟು. ಇಷ್ಟು ದೊಡ್ಡದನ್ನು ನಾನು ಯಾರ ಹಣೆಯಲ್ಲೂ ಕಂಡಿಲ್ಲ. ಸೂಜಿ ಎಷ್ಟು ಆಳಕ್ಕೆ ಹೋಗಿತ್ತೋ, ಒಂದು ಕಡೆ ಕೀವಾಗಿ ಚರ್ಮ ಎಳೆದುಕೊಂಡಿದೆ.

ಅಕ್ಕ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿಬಿಟ್ಟಳು. ನಾನೊಬ್ಬಳೇ ಹುಡುಗಿಯನ್ನು ಒಳಗೆ ಕರೆದುಕೊಂಡೆ.

ಸಂಜೆ ಒಲೆಯ ಮುಂದೆ ಇಬ್ಬರೇ ಇದ್ದಾಗ ಕೇಳಿದೆ. "ನಮ್ಮವ್ವ ಬ್ಯಾಡ ಅಂದ್ಲು, ನಾನೇ ಕರೆದು ಹುಯ್ಸ್ಕೊಂಡೆ" ಎಂದಳು. "ನಮ್ಮೂರಲ್ಲಿ ಎಲ್ಲಾರ್ಗೂ ಗೊತ್ತಾಗಿತ್ತು ಅತ್ತೆಮ್ಮ. ಬಾವಿ ತಾವ ನಾನು ಹೋದ್ರೆ ಹೊಸದಾಗಿ ಮದುವೆಯಾದೋರು ಕೊಡ ಎತ್ಕೊಂಡು ಹೊರಟೋಗೋರು. ನನ್ನ ಹಣೇಲೇ ಏನೋ ದೋಸ ಐತೆ ಅನ್ಕೊಂಡೆ. ಇನ್ನೊಂದು ಸಲ ಜಾರಿ ಅವರಿಗೇನಾರ ಆದ್ರೆ? ಇದಾದ್ರೆ ಯಾವ ಬಿಸಿಲಿಗೂ ಜಾರಲ್ಲ."

ಆಗ ನಾನು ಎಲ್ಲವನ್ನೂ ಹೇಳಿದೆ. ಮೇಣ, ತುಪ್ಪ, ವೀಳ್ಯದೆಲೆ, ನಿಮ್ಮ ಅತ್ತೆಯ ಮೂಗು, ನಿನ್ನ ಗೊಂಬೆಗಳು, ಅಂಗಳದಲ್ಲಿ ಅಕ್ಕ ಕೂತದ್ದು. ಗೊಂಬೆಗಳ ಮಾತು ಕೇಳಿ ಅವಳಿಗೆ ನಗು ಬಂತು. ಚೆನ್ನಾಗಿ ನಗುತ್ತಾಳೆ, ಮುನವ್ವರಾ, ನಿನಗೆ ಇಷ್ಟವಾಗುತ್ತಾಳೆ. ನಕ್ಕು ಮುಗಿಸಿ, ಸೌದೆ ಒಳಗೆ ತಳ್ಳುತ್ತಾ ಕೇಳಿದಳು:

"ತುಪ್ಪ ಅಂತ ನಿಮಗೆ ಯಾವಾಗ ಗೊತ್ತಾಯ್ತು ಅತ್ತೆಮ್ಮ?"

ಆಷಾಢದಲ್ಲಿ ಎಂದೆ.

ಅವಳು ಕೋಪ ಮಾಡಿಕೊಳ್ಳಲಿಲ್ಲ. "ಹಚ್ಚೆಯೋಳು ನಮ್ಮೂರಿಗೆ ಬಂದಿದ್ದು ಶ್ರಾವಣದಾಗೆ" ಎಂದಳು.

ನಾವಿಬ್ಬರೂ ಎಷ್ಟೊಂದು ಕಾಗದ ಬರೆದೆವು, ಮುನವ್ವರಾ. ಹಾರೋಹಳ್ಳಿಗೆ ಒಂದೂ ಬರೆಯಲಿಲ್ಲ.

ಕಾವೇರಿ